ಕಾಳಿಘಾಟ್‌ನಲ್ಲೊಂದು ಗ್ರೀಕ್ ಚರ್ಚು, ಕಟ್ಟಿಸಿದವ್ರು ಎಲ್ಲಿ ಹೋದ್ರು?

ಕೋಲ್ಕತ್ತಾದ ಕಾಳಿಘಾಟ್ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಕಾಳಿ ದೇವಸ್ಥಾನ. ಅದೇ ಏರಿಯಾದಲ್ಲಿ ಟ್ರಾಮ್ ಡಿಪೋ ಹತ್ರ, ಎದುರಿಗೆ ದಪ್ಪ ದಪ್ಪ ಕಂಬ ನಿಲ್ಸಿರೋ ಇನ್ನೊಂದು ಕಟ್ಟಡ ಇದೆ, ನೋಡಿದ ತಕ್ಷಣ ಅಥೆನ್ಸಿನ ಹಳೇ ಗುಡಿ ಅನ್ಸುತ್ತೆ. ಅದು ಗ್ರೀಕ್ ಆರ್ಥಡಾಕ್ಸ್ ಚರ್ಚು, 1924ರಲ್ಲಿ ಅಡಿಗಲ್ಲು ಹಾಕಿದ್ದು. ಇವತ್ತು ಅಲ್ಲಿಗೆ ಪ್ರಾರ್ಥನೆಗೆ ಬರೋರು ಹೆಚ್ಚಾಗಿ ಬಂಗಾಳಿಗಳೇ.

ಕಥೆ ಶುರುವಾಗೋದು ಅದಕ್ಕೂ ನೂರೈವತ್ತು ವರ್ಷ ಹಿಂದೆ. ಬಂಗಾಳಕ್ಕೆ ಬಂದ ಮೊದಮೊದಲ ಗ್ರೀಕರಲ್ಲಿ ಹೆಸರು ಮಾಡಿದವ್ನು ಅಲೆಕ್ಸಿಯೋಸ್ ಆರ್ಗಿರಿಸ್ ಅನ್ನೋ ವ್ಯಾಪಾರಿ, ಊರು ಫಿಲಿಪ್ಪೊಪೊಲಿಸ್, ಅಂದ್ರೆ ಈಗ ಬಲ್ಗೇರಿಯಾದಲ್ಲಿರೋ ಪ್ಲೊವ್ಡಿವ್. ಬಲ್ಗೇರಿಯಾದವ್ನು ಗ್ರೀಕ್ ಹೇಗಾದ ಅಂತ ಕೇಳ್ಬಹುದು. ಇಡೀ ಕಥೆಯ ಕೀಲಿ ಇರೋದೇ ಇಲ್ಲಿ. ಆಗ ಗ್ರೀಸ್ ಅನ್ನೋ ದೇಶಾನೇ ಇರ್ಲಿಲ್ಲ, ಆ ಕಡೆಯ ಬಹುಪಾಲು ಟರ್ಕಿಯ ಆಟೊಮನ್ ಸುಲ್ತಾನರ ಕೈಲಿತ್ತು, ಅವ್ರು ಪ್ರಜೆಗಳನ್ನ ಲೆಕ್ಕ ಹಾಕ್ತಿದ್ದಿದ್ದು ಧರ್ಮದ ಮೇಲೆ. ಹಾಗಾಗಿ ಊರು ಯಾವ್ದೇ ಇರ್ಲಿ, ಗ್ರೀಕ್ ಭಾಷೇಲಿ ಪ್ರಾರ್ಥನೆ ಮಾಡಿ ಕಾನ್‌ಸ್ಟಾಂಟಿನೋಪಲ್‌ನ (ಈಗಿನ ಇಸ್ತಾಂಬುಲ್) ಧರ್ಮಗುರುನ ಒಪ್ಕೊಂಡವ್ರು ಒಂದು ಜನ. ಅವ್ರ ದೇಶ ಅಂದ್ರೆ ಅವ್ರ ಚರ್ಚೇ ಆಗಿತ್ತು ಅಂತ ನನಗನ್ಸುತ್ತೆ.

ಆರ್ಗಿರಿಸ್ ಬಗ್ಗೆ ಒಂದು ಕಥೆ ಹೇಳ್ತಾರೆ. ಕೆಂಪು ಸಮುದ್ರದ ಕಡೆ ಹೊರಟ ಹಡಗು ಬಿರುಗಾಳಿಗೆ ಸಿಕ್ತಂತೆ, ಜೀವ ಉಳಿದ್ರೆ ಕಲ್ಕತ್ತಾದಲ್ಲಿ ಒಂದು ಚರ್ಚ್ ಕಟ್ಟಿಸ್ತೀನಿ ಅಂತ ಹರಕೆ ಹೊತ್ನಂತೆ. ನಮ್ಮಲ್ಲೂ ಎಷ್ಟು ಗುಡಿಗಳ ಹಿಂದೆ ಇಂಥದೇ ಹರಕೆ ಇಲ್ಲ! ಅವ್ನು 1777ರಲ್ಲಿ ಢಾಕಾದಲ್ಲಿ ತೀರ್ಕೊಂಡ, ಚರ್ಚ್ ನೋಡೋಕಾಗ್ಲಿಲ್ಲ. ಆದ್ರೆ ಉಳಿದವ್ರು ಕೈಬಿಡ್ಲಿಲ್ಲ, ಕಲ್ಕತ್ತಾದ ಅಮರತಲ್ಲಾ ಬೀದಿಯಲ್ಲಿ 1780ರ ಸುಮಾರಿಗೆ ಕಟ್ಟೇಬಿಟ್ರು, ಗವರ್ನರ್ ಜನರಲ್ ವಾರೆನ್ ಹೇಸ್ಟಿಂಗ್ಸ್ ಕೂಡ ದುಡ್ಡು ಕೊಟ್ಟಿದ್ದ. ಹೆಸರಿಟ್ಟಿದ್ದು ಯೇಸುವಿನ ರೂಪಾಂತರದ ಮೇಲೆ, ಅಂದ್ರೆ ಬೆಟ್ಟದ ಮೇಲೆ ಶಿಷ್ಯರ ಮುಂದೆ ಯೇಸು ಬೆಳಕಾಗಿ ಹೊಳೆದ ಪ್ರಸಂಗ. ಅಲ್ಲಿದ್ದ ಪಾದ್ರಿ ಪಾರ್ಥೆನಿಯೋನ ಮುಖ ಇವತ್ತಿಗೂ ನೋಡ್ಬಹುದು, ಹೇಗೆ ಗೊತ್ತಾ? ಅದೇ ಊರಿನ ಸೇಂಟ್ ಜಾನ್ಸ್ ಚರ್ಚಲ್ಲಿ ಜೋಹಾನ್ ಜೊಫಾನಿ ಅನ್ನೋ ಕಲಾವಿದ ಬರೆದ, ಯೇಸು ಶಿಷ್ಯರ ಜೊತೆ ಮಾಡಿದ ಕಡೇ ಭೋಜನದ ದೊಡ್ಡ ಪೇಂಟಿಂಗ್ ಇದೆ, ಅದ್ರಲ್ಲಿ ಯೇಸುಗೆ ಮಾಡೆಲ್ ಆಗಿ ಕೂತಿದ್ದು ಈ ಪಾದ್ರಿನೇ.

1786ರಲ್ಲಿ ಕಲ್ಕತ್ತಾದ ಗ್ರೀಕ್ ವ್ಯಾಪಾರಿಗಳ ಮಕ್ಕಳಿಗೆ ಗ್ರೀಕ್ ಕಲಿಸೋಕೆ ಅಂತ ಅಥೆನ್ಸಿನ ಡಿಮಿಟ್ರಿಯೋಸ್ ಗಲಾನೋಸ್ ಬಂದ. ಕೆಲವು ವರ್ಷ ಮೇಷ್ಟ್ರಾಗಿದ್ದು ಆಮೇಲೆ ಕಾಶಿಗೆ ಹೋದವ್ನು ವಾಪಸ್ ಬರ್ಲೇ ಇಲ್ಲ, ಸುಮಾರು ನಲವತ್ತು ವರ್ಷ ಅಲ್ಲೇ ಪಂಡಿತರ ಜೊತೆ ಕೂತು ಸಂಸ್ಕೃತ ಓದಿ ಭಗವದ್ಗೀತೆ, ಭರ್ತೃಹರಿಯ ಪದ್ಯಗಳನ್ನೆಲ್ಲ ಗ್ರೀಕ್‌ಗೆ ತಂದ. 1833ರಲ್ಲಿ ತೀರ್ಕೊಂಡ, ಸಮಾಧಿ ಕಾಶಿಯಲ್ಲೇ ಇದೆ. ಬರೆದಿಟ್ಟ ಹಾಳೆಗಳು ಅಥೆನ್ಸ್ ಸೇರಿ, ಅವ್ನು ಹೋದ್ಮೇಲೆ ಪುಸ್ತಕ ಆದ್ವು. ಈ ಮನುಷ್ಯನ ಹೆಸರು ನಮ್ಮ ಪಠ್ಯದಲ್ಲಿ ಎಲ್ಲೂ ಬರಲ್ವಲ್ಲ ಅಂತ ನಿಜವಾಗ್ಲೂ ಬೇಜಾರಾಗುತ್ತೆ.

1822ರಲ್ಲಿ ಗ್ರೀಕರಿದ್ದ ಖಿಯೋಸ್ ದ್ವೀಪದಲ್ಲಿ ಆಟೊಮನ್ ಸೈನ್ಯ ಸಾವಿರಾರು ಜನರನ್ನ ಕೊಂದಿತ್ತು, ಉಳಿದ ಎಷ್ಟೋ ವ್ಯಾಪಾರಿ ಮನೆತನಗಳು ದಿಕ್ಕಾಪಾಲಾಗಿ ಲಂಡನ್, ಫ್ರಾನ್ಸಿನ ಮಾರ್ಸೇ ಅಂತ ಚದುರಿಹೋದ್ವು. ಆ ಖಿಯೋಸ್ ಮೂಲದ ರ್ಯಾಲಿ ಮನೆತನದ ಕಂಪನಿ 1851ರಲ್ಲಿ ಕಲ್ಕತ್ತಾಗೂ ಬಂದು ಸೆಣಬು, ಹತ್ತಿ, ಎಣ್ಣೆಕಾಳು ಅಂತ ದೊಡ್ಡ ವ್ಯಾಪಾರ ಮಾಡ್ತು. ನಮ್ಮ ರೈತರು ಗೊಬ್ಬರದಂಗಡೀಲಿ ಕೇಳೋ ರ್ಯಾಲಿಸ್ ಔಷಧಿಯ ಹೆಸರಿನ ಬೇರು ಅಲ್ಲೇ ಇರೋದು, ಕಂಪನಿ ಈಗ ಟಾಟಾದವ್ರದ್ದು.

ಕಲ್ಕತ್ತಾದ ದೊಡ್ಡ ಮಾರ್ಕೆಟ್ಟು ಬಡಾ ಬಜಾರ್ ಸುತ್ತ ಗಿಜಿಗಿಜಿ ಜಾಸ್ತಿಯಾದ್ಮೇಲೆ ಅಮರತಲ್ಲಾದ ಹಳೇ ಚರ್ಚನ್ನ ಮಾರಿ ಕಾಳಿಘಾಟ್‌ಗೆ ಬಂದ್ರು. ಸ್ವಾತಂತ್ರ್ಯ ಬಂತು, ದೇಶ ಒಡೀತು, ಸೆಣಬು ಬೆಳೆಯೋ ಹೊಲ ಗಡಿ ಆಚೆ ಮಿಲ್ಲು ಈಚೆ ಆಯ್ತು, ಗ್ರೀಕರು ಒಂದೊಂದೇ ಮನೆ ಖಾಲಿ ಮಾಡ್ಕೊಂಡು ಹೊರಟ್ರು, ಕೊನೆಗೆ ಚರ್ಚಿಗೂ ಬೀಗ ಬಿತ್ತು. 1990ರ ದಶಕದಲ್ಲಿ ಗ್ರೀಸ್‌ನಿಂದ ಒಬ್ಬ ಸನ್ಯಾಸಿ ಬಂದು ಮತ್ತೆ ತೆಗೆಸಿದ್ರು, ಜೊತೆಗೆ ಬಡ ಮಕ್ಕಳಿಗೆ ಊಟ, ಸ್ಕೂಲು, ಅನಾಥ ಮಕ್ಕಳಿಗೆ ಮನೆ ಇವೂ ಶುರುವಾದ್ವು.

ಆರ್ಗಿರಿಸ್ ತೀರ್ಕೊಂಡ ಢಾಕಾದಲ್ಲಿ ಗ್ರೀಕರ ಗುರುತು ಇಷ್ಟೂ ಉಳ್ದಿಲ್ಲ. ಯೂನಿವರ್ಸಿಟಿ ವಿದ್ಯಾರ್ಥಿ ಕೇಂದ್ರದ ಅಂಗಳದಲ್ಲಿ ಒಂದು ಚಿಕ್ಕ ಹಳದಿ ಮಂಟಪ, ಒಳಗೆ ಗೋಡೆಗೆ ಕೂರ್ಸಿರೋ ಒಂದಷ್ಟು ಕಪ್ಪು ಸಮಾಧಿ ಕಲ್ಲು, ಹೊರಗೆ ಬಾಗಿಲ ಮೇಲೆ ಗ್ರೀಕ್ ಅಕ್ಷರದಲ್ಲಿ ಒಂದು ಸಾಲು, ‘ನೀನು ಆರಿಸಿ ನಿನ್ನ ಹತ್ರ ಕರ್ಕೊಂಡವ್ರು ಧನ್ಯರು’ ಅಂತ.