ಟ್ಯಾಗ್ ಓದಲಿಲ್ಲ ಅಂದರೆ ಕೋಳಿ ಕದಲಲಿಲ್ಲ ಅಂತಲ್ಲ

ಕೋಳಿ ಕಾಲಿನ ಟ್ಯಾಗ್ ಯಾವಾಗ ಯಾವಾಗ ದಾಖಲಾಯಿತು ಅನ್ನುವ ಪಟ್ಟಿಯನ್ನು ಮೊಬೈಲ್‌ನಲ್ಲಿ ತೋರಿಸಿ "ಈ ಕೋಳಿಗಿ ರೋಗ ಬಂದದ, ಔಷಧ ಬರೀರಿ" ಅನ್ನುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೋಳಿಯನ್ನು ಹಿಡಿದು ನೋಡಿದಿರಾ ಅಂದರೆ, ಇಲ್ಲ.

ಕಾಲಿಗೆ ಹಾಕುವ ಆರ್‌ಎಫ್‌ಐಡಿ ಟ್ಯಾಗ್‌ಗೆ, ಅಂದರೆ ರೇಡಿಯೋ ಅಲೆಯಿಂದ ಓದುವ ನಂಬರ್ ಬಿಲ್ಲೆಗೆ, ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ಶೆಡ್ ಬಾಗಿಲಿನ ಆಂಟೆನಾ ಹತ್ತಿರ ಬಂದಾಗ ಮಾತ್ರ, ಅದರಿಂದಲೇ ಶಕ್ತಿ ಪಡೆದು ತನ್ನ ನಂಬರ್ ಹೇಳುತ್ತದೆ. ಈ ಕೋಳಿ ಈ ಹೊತ್ತಿಗೆ ಇಲ್ಲಿತ್ತು, ಅಷ್ಟೇ ಗೊತ್ತಾಗುವುದು. ಕೆದಕಿತೋ, ಸುಮ್ನೆ ಕೂತಿತ್ತೋ ತಿಳಿಯಲು ಚಲನೆ ಅಳೆಯುವ ಆಕ್ಸೆಲೆರೋಮೀಟರ್ ಬೇಕು.

ನಂಬರ್ ಬರದಿದ್ದರೆ ಕೋಳಿ ಬರಲಿಲ್ಲ ಅಂತಲೂ ಅಲ್ಲ. ಇದನ್ನೇ ನಾನು ಮತ್ತೆ ಮತ್ತೆ ಹೇಳಬೇಕಾಗಿದೆ. ಜಾನುವಾರುಗಳಿಗೆ ಬಳಸುವ 134.2 ಕಿಲೋಹರ್ಟ್ಸ್ ಟ್ಯಾಗ್‌ಗಳು ಎರಡು ಒಟ್ಟಿಗೆ ಆಂಟೆನಾ ಮೇಲೆ ಬಂದರೆ ಒಂದೂ ದಾಖಲಾಗದೆ ಹೋಗಬಹುದು. ಬಸ್ಸಿನ ಬಾಗಿಲಲ್ಲಿ ಇಬ್ಬರು ಒಮ್ಮೆಲೇ ಊರ ಹೆಸರು ಕೂಗಿದರೆ ಕಂಡಕ್ಟರ್‌ಗೆ ಎರಡೂ ಕೇಳಿಸುವುದಿಲ್ಲ, ಅಲ್ವಾ? ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಎಲ್ಲವೂ ನುಗ್ಗುತ್ತವೆ. ಕೋಳಿಗಳು ಅತಿ ಚುರುಕಾಗಿರುವ ಹೊತ್ತೇ ಪಟ್ಟಿಯಲ್ಲಿ ಖಾಲಿ ಕಾಣುತ್ತದೆ. ಮುಂದೆ ನುಗ್ಗುವ ಗಟ್ಟಿ ಕೋಳಿ ತಪ್ಪಿಹೋಗುತ್ತದೆ. ಗದ್ದಲ ಮುಗಿದ ಮೇಲೆ ಬರುವ ಪುಕ್ಕಲು ಕೋಳಿ ಚೆನ್ನಾಗಿ ದಾಖಲಾಗುತ್ತದೆ.

ಹುಮನಾಬಾದ್ ಕಡೆಯ ಒಬ್ಬ ರೈತರು "ನೋಡ್ರಿ ಸಾಹೇಬ್ರ, ಇದು ಹೊರಗ ಬಂದೇ ಇಲ್ಲ" ಎಂದು ಒಂದು ಗಿರಿರಾಜ ತಳಿಯ ಹೇಂಟೆಯನ್ನು ಮಾರಲು ತೆಗೆದಿಟ್ಟಿದ್ದರು. ಬಿಡಿಸಿ ನೋಡಿದರೆ, ಓಡಿಹೋಗಿ ಶೆಡ್ ಹಿಂದೆ ಮಣ್ಣಲ್ಲಿ ಹೊರಳಾಡಿತು. ಎಂಥ ಒಳ್ಳೆಯ ಕೋಳಿ ಅದು!

ಎಲ್ಲ ಉಪಕರಣವೂ ಹೀಗೇ ಅನ್ನುವುದಿಲ್ಲ. 13.56 ಮೆಗಾಹರ್ಟ್ಸ್ ಟ್ಯಾಗ್‌ಗಳಲ್ಲಿ ಹಲವನ್ನು ಒಟ್ಟಿಗೆ ಓದುವ ಏರ್ಪಾಡಿದೆ. ಆದರೂ ಪಕ್ಕದ ಕಬ್ಬಿಣದ ಜಾಲರಿ, ಟ್ಯಾಗ್ ತಿರುಗಿದ ರೀತಿ ಅಡ್ಡಿ ಮಾಡಬಹುದು. ಕರೆಂಟ್ ಹೋದ ಹೊತ್ತನ್ನು ಸೊನ್ನೆ ಎಂದು ಬರೆಯಬೇಡಿ, ಖಾಲಿ ಬಿಡಿ. ಇನ್ನು ನಮ್ಮ ಬೀದರ್, ಕಲಬುರಗಿ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಕೋಳಿಗಳು ನೆರಳಲ್ಲಿ ಬಾಯಿ ತೆರೆದು ತೇಕುತ್ತಾ ಕೂರುತ್ತವೆ. ಅವಕ್ಕೆ ಬೆವರುವುದಕ್ಕೆ ಬರುವುದಿಲ್ಲ. ಅವತ್ತಿನ ಮಧ್ಯಾಹ್ನವನ್ನು ಬೆಳಗಿನ ಜೊತೆ ಹೋಲಿಸಬೇಡಿ. ಅದೇ ಕೋಳಿಯ ಹಿಂದಿನ ದಿನಗಳ ಅದೇ ಹೊತ್ತಿನ ಜೊತೆ ಹೋಲಿಸಿ.

ಮೊದಲು ಒಂದು ಬೆಳಗ್ಗೆ ಬಾಗಿಲ ಬಳಿ ಕೂತು, ಹಾದುಹೋದ ಕೋಳಿಗಳನ್ನು ಬರೆದುಕೊಳ್ಳಿ. ಮೊಬೈಲ್‌ನಲ್ಲಿ ವಿಡಿಯೋ ಮಾಡಿದರೂ ಸಾಕು. ಪಟ್ಟಿಗೆ ತಾಳೆ ಆಗದಿದ್ದರೆ ಒಂದೊಂದೇ ಹಾಯುವಷ್ಟು ಕಿಂಡಿ ಸಣ್ಣದು ಮಾಡಿ. ತಾಳೆ ಆದ ಮೇಲೂ ಒಂದೇ ಕೋಳಿ ಹಿಂದೆ ಬೀಳುತ್ತಿದ್ದರೆ, ಹಿಡಿದು ಎದೆ ಮೂಳೆ ಸವರಿ, ಪಾದ, ಹಿಕ್ಕೆ ನೋಡಿ ಫೋನ್ ಮಾಡಿ. ರಾತ್ರಿಯಾದರೂ ಪರವಾಗಿಲ್ಲ.