ಬೆಂಗಳೂರಿನ ಕನ್ಸರ್ವೆನ್ಸಿ ಗಲ್ಲಿಗಳು: ಯಾಕೆ ಬಂದವು, ಈಗ ಯಾರ ಪಾಲು?

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳ ಹಿಂದೆ ಒಂದು ಸಣ್ಣ ದಾರಿ ಇರುತ್ತದೆ. ಅದಕ್ಕೆ ಹೆಸರಿಲ್ಲ, ಕ್ರಾಸ್ ನಂಬರೂ ಇಲ್ಲ. ಇಲ್ಲಿನವರು ಕನ್ಸರ್ವೆನ್ಸಿ ಎನ್ನುತ್ತಾರೆ. ಅಲ್ಲಿ ಗಾಡಿ ನಿಲ್ಲಿಸಲು ಬಿಡಿ ಎನ್ನುವವರಿದ್ದಾರೆ. ಜನ ನಡೆದಾಡಲಿ ಎನ್ನುವವರಿದ್ದಾರೆ. ಅಕ್ಕಪಕ್ಕದ ಮನೆಯವರಿಗೇ ಮಾರಿಬಿಡಿ ಎನ್ನುವವರೂ ಇದ್ದಾರೆ. ಈ ವಾದಗಳ ನಡುವೆ, ದಾರಿ ಮೊದಲಿಗೆ ಯಾಕೆ ಬಂತು ಅನ್ನುವುದೇ ಮರೆತುಹೋಗಿದೆ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಮೂರೂವರೆ ಶತಮಾನ ಬೆಳೆಯುತ್ತಲೇ ಹೋಗಿ, ಮನೆಗೆ ಮನೆ ಅಂಟಿಕೊಂಡು ಉಸಿರಾಡಲು ಜಾಗವಿಲ್ಲದಂತಾಯಿತು. 1892ರ ಹೊತ್ತಿಗೆ ಕೋಟೆ-ಪೇಟೆಯ ಹೊರಗೆ ಹೊಸ ಬಡಾವಣೆಗಳ ಕೆಲಸ ಶುರುವಾಗಿತ್ತು. 1898ರ ಆಗಸ್ಟ್‌ನಲ್ಲಿ ಪ್ಲೇಗ್ ಬಂತು. ಸಾವಿರಾರು ಜನ ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಅದಾದ ಮೇಲೆ ಮಲ್ಲೇಶ್ವರ, ಬಸವನಗುಡಿಗಳು ಬೇಗ ಬೇಗ ತುಂಬಿದವು. ನೇರ ರಸ್ತೆ, ಮನೆ ಸುತ್ತ ಗಾಳಿ ಬೆಳಕು, ಹಿಂದೆ ಕನ್ಸರ್ವೆನ್ಸಿ.

ಆಗ ಮನೆಯ ಕಕ್ಕಸು ಸೈಟಿನ ಕೊನೆಯಲ್ಲಿ, ಹಿಂದಿನ ಗೋಡೆಗೆ ಅಂಟಿಕೊಂಡು ಇರುತ್ತಿತ್ತು. ನೀರು ಹಾಕಿ ತೊಳೆಯುವಂಥದ್ದಲ್ಲ. ಗೋಡೆಯ ಬುಡದಲ್ಲಿ ಗಲ್ಲಿಯ ಕಡೆಗೆ ತೆರೆಯುವ ಸಣ್ಣ ಕಿಂಡಿ. ಬೆಳಗಿನ ಜಾವ ಪೌರಕಾರ್ಮಿಕರು ಬಂದು, ಆ ಕಿಂಡಿಯಿಂದ ಮಲ ತೆಗೆದು, ಬುಟ್ಟಿಗೋ ಬಕೆಟ್ಟಿಗೋ ತುಂಬಿ ಹೊತ್ತೊಯ್ಯಬೇಕಿತ್ತು. ಗಲ್ಲಿ ಇದ್ದದ್ದೇ ಇದಕ್ಕೆ. ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಕಡೆ, ಎರಡೂ ಸಾಲಿಗೆ ಒಂದೇ ದಾರಿ ಸಾಕಾಗುತ್ತಿತ್ತು.

ಈ ಬಡಾವಣೆಗಳ ಅಂದ ಹೊಗಳುವಾಗ ನಾವು ಸಂಪಿಗೆ ಮರ, ಜಗಲಿ, ಮಂಗಳೂರು ಹೆಂಚು ನೆನೆಯುತ್ತೇವೆ. ಆ ಅಂದದ ಹಿಂದೆ ಇನ್ನೊಂದು ಲೆಕ್ಕಾಚಾರವಿತ್ತು. ಊರನ್ನು ಚೊಕ್ಕಟವಾಗಿಟ್ಟವರು ಮುಂದಿನ ರಸ್ತೆಯಲ್ಲಿ ಯಾರ ಕಣ್ಣಿಗೂ ಬೀಳದೆ ಬಂದು ಹೋಗಬೇಕಿತ್ತು. ಅವರಲ್ಲಿ ಹೆಚ್ಚಿನವರು ದಲಿತರು. ಜಾತಿಯನ್ನು ನಕ್ಷೆಯಲ್ಲೇ ಗೆರೆ ಎಳೆದು ಕೂರಿಸಿದ ಹಾಗೆ, ಅಲ್ವಾ? 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ಅವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಿದರು. ಕೇಂದ್ರದಿಂದ ಅಂಥ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ.

ಅಷ್ಟರಲ್ಲಿ ಕಕ್ಕಸು ಮನೆಯೊಳಗೆ ಬಂದಿತ್ತು. 1964ರಲ್ಲಿ ಜಲಮಂಡಳಿ ಶುರುವಾಯಿತು, 1974ರಲ್ಲಿ ಕಾವೇರಿ ನೀರು ಬಂತು, ಫ್ಲಶ್ ಸಾಮಾನ್ಯವಾಯಿತು. ಹಿಂದಿನ ಕಿಂಡಿಗೆ ಇಟ್ಟಿಗೆ ಇಟ್ಟು ಗಾರೆ ಬಳಿದರು. ಕನ್ಸರ್ವೆನ್ಸಿಗೆ ಕೆಲಸವಿಲ್ಲದಂತೆ ಕಂಡಿತು. ಮಕ್ಕಳು ಅಲ್ಲಿ ಕ್ರಿಕೆಟ್ ಆಡಿದರು. ಹೆಂಗಸರು ಹಿಂಬಾಗಿಲಲ್ಲಿ ನಿಂತು ಕರಿಬೇವು, ಹುಳಿಪುಡಿ ಕೊಟ್ಟು ತಗೊಂಡರು. ಆಮೇಲೆ ಒಬ್ಬರು ಸುಮ್ನೆ ಒಂದು ಶೀಟ್ ಹಾಕಿದರು, ಪಕ್ಕದವರು ಜನರೇಟರ್ ಇಟ್ಟರು, ಇನ್ನೊಬ್ಬರು ಕಾಂಪೌಂಡನ್ನು ಎರಡಡಿ ಆಚೆ ಸರಿಸಿದರು. ಬೇಕೆಂದು ನುಂಗಿದೆ ಎಂದು ಯಾರಿಗೂ ಅನಿಸಿರಲಾರದು. ಎಲ್ಲರೂ ಸ್ವಲ್ಪ ಸ್ವಲ್ಪ ತಗೊಂಡರು. ಉಳಿದ ಜಾಗದಲ್ಲಿ ಕಸ ಬಿತ್ತು. ಕಸ ಬಿದ್ದ ಜಾಗ ಯಾರಿಗೂ ಬೇಡವಾಯಿತು.

ಆದರೆ ಗಲ್ಲಿಗೆ ನಿಜಕ್ಕೂ ಕೆಲಸ ತಪ್ಪಿರಲಿಲ್ಲ. ಒಳಚರಂಡಿ ಹಾಕುವಾಗ ಎಷ್ಟೋ ಕಡೆ ಪೈಪನ್ನು ಇದೇ ದಾರಿಯಲ್ಲಿ ಇಳಿಸಿದ್ದರು. ಕಕ್ಕಸು, ಬಚ್ಚಲು ಹಿಂದೆಯೇ ಇದ್ದವಲ್ಲ, ಅದೇ ಹತ್ತಿರದ ದಾರಿ. ಈಗ ಅಂಥ ಮ್ಯಾನ್‌ಹೋಲ್ ಮೇಲೆ ಶೆಡ್ ಎದ್ದರೆ, ಪೈಪ್ ಕಟ್ಟಿಕೊಂಡ ದಿನ, ಜೋರಾಗಿ ನೀರು ಹಾಯಿಸಿ ಪೈಪ್ ಬಿಡಿಸುವ ಜೆಟ್ಟಿಂಗ್ ಗಾಡಿಗೆ ಒಳಗೆ ಹೋಗಲು ದಾರಿಯಿಲ್ಲ. ಯಂತ್ರ ಹೋಗದ ಕಡೆಗೆ ಮನುಷ್ಯನನ್ನೇ ಇಳಿಸುವ ಅಪಾಯ ಮತ್ತೆ ಹತ್ತಿರ ಬರುತ್ತದೆ. ನನಗೆ ಜಾಸ್ತಿ ಭಯ ಇದರದ್ದು. ಪಾರ್ಕಿಂಗ್ ಚರ್ಚೆಯಲ್ಲಿ ಈ ಮಾತು ಬರುವುದೇ ಕಡಿಮೆ.

ಮಲ್ಲೇಶ್ವರದಲ್ಲಿ ಕೆಲವು ಕನ್ಸರ್ವೆನ್ಸಿಗಳನ್ನು ಗುಡಿಸಿ, ಗೋಡೆಗೆ ಚಿತ್ರ ಬರೆದು, ನಡೆದಾಡುವ ದಾರಿ ಮಾಡಿದ್ದಾರೆ. ಬಸ್ಸು, ಆಟೋಗಳ ಗಲಾಟೆಯಿಲ್ಲದೆ ಅಜ್ಜಿಯೊಬ್ಬರು ಮಾರ್ಕೆಟ್ಟಿಗೆ ಹೋಗಿ ಬರಬಹುದಾದ ದಾರಿ. ಮಾರಿಬಿಟ್ಟರೆ ಇದು ಮತ್ತೆ ಸಿಗುವುದಿಲ್ಲ. ಪಾರ್ಕಿಂಗ್‌ಗೆ ಕೊಟ್ಟರೂ ನಡೆಯುವವರಿಗೆ ಜಾಗ ಉಳಿಯುವುದು ಕಷ್ಟ.

2025ರಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಗಲ್ಲಿ ಯಾವ ಪಾಲಿಕೆಗೆ ಸೇರಿದ್ದರೂ, ಮಾರುವ, ಬಾಡಿಗೆ ಕೊಡುವ ಮಾತಿಗೆ ಮೊದಲು ಆಗಬೇಕಾದ ಕೆಲಸ ಒಂದಿದೆ. ಹಳೇ ಬಡಾವಣೆಗಳ ಮೂಲ ನಕ್ಷೆ ಹಿಡಿದು ಪ್ರತಿ ಕನ್ಸರ್ವೆನ್ಸಿಯನ್ನೂ ಅಳೆಯಬೇಕು. ಎಲ್ಲಿ ಪೈಪಿದೆ, ಎಲ್ಲಿ ಮ್ಯಾನ್‌ಹೋಲ್ ಇದೆ, ಎಷ್ಟು ಅಡಿ ಉಳಿದಿದೆ ಎಂದು ಬರೆದು, ಆ ಪಟ್ಟಿಯನ್ನು ವಾರ್ಡ್ ಕಚೇರಿಯ ಬಾಗಿಲಿಗೆ ಅಂಟಿಸಬೇಕು.