ಹುಬ್ಬಿಗೆ ಗೀರು, ಮೈಮೇಲೆ ಕಪ್ಪು ಶರ್ಟು: ಮಗ ರೌಡಿ ಆಗ್ತಿದ್ದಾನಾ?

ಪ್ರಶ್ನೆ: ಮಗ ತುಮಕೂರಿನಲ್ಲಿ ಪ್ರಥಮ ಪಿಯುಸಿ. ಎಸ್ಸೆಸ್ಸೆಲ್ಸಿ ತನಕ ನೀಟಾಗಿ ತಲೆ ಬಾಚಿಕೊಂಡು ಹೋಗುತ್ತಿದ್ದ. ಈಗ ಎರಡೂ ಪಕ್ಕ ಬೋಳಿಸಿ, ಹುಬ್ಬಿನ ಮಧ್ಯೆ ಗೀರು ಹಾಕಿಸಿಕೊಂಡಿದ್ದಾನೆ. ಕಪ್ಪು ಶರ್ಟು, ಕೈಗೆ ಕಡಗ, ಕತ್ತಿಗೆ ದಪ್ಪ ಚೈನು. ಕ್ಯಾಮೆರಾ ಕಡೆ ಗುರಾಯಿಸಿಕೊಂಡು ರೀಲ್ಸ್ ಮಾಡುತ್ತಾನೆ. ಇವನು ದಾರಿ ತಪ್ಪುತ್ತಿದ್ದಾನಾ? ಕೂತು ಬುದ್ಧಿ ಹೇಳಬೇಕಾ, ಹಿಡಿದು ಕೂದಲು ತೆಗೆಸಬೇಕಾ?

ಉತ್ತರ: ಕೂದಲಿನ ತಂಟೆಗೆ ಹೋಗಬೇಡಿ. ಅದನ್ನು ನೋಡಿ ಏನೂ ಹೇಳಲಾಗುವುದಿಲ್ಲ. ಕ್ಯಾತಸಂದ್ರದಿಂದ ಶಿರಾ ಗೇಟ್ ತನಕ ಒಂದು ಸಂಜೆ ಸುತ್ತಿ ಬಂದರೆ ಇದೇ ತಲೆ, ಇದೇ ಚೈನು ಹಾಕಿಕೊಂಡ ನೂರು ಹುಡುಗರು ಸಿಗುತ್ತಾರೆ. ಅವರಲ್ಲಿ ಬಹುಪಾಲು ಜನ ಎಂಟು ಗಂಟೆಗೆ ಅಮ್ಮನ ಫೋನ್ ಬಂದರೆ ಮನೆಗೆ ಓಡುವವರೇ. ನೋಡಬೇಕಾದ್ದು ಮೂರು: ಜೇಬಿಗೆ ಎಲ್ಲಿಂದ ದುಡ್ಡು ಬರುತ್ತಿದೆ, ಮನೆಗೆ ಎಷ್ಟು ಹೊತ್ತಿಗೆ ಬರುತ್ತಾನೆ, ಜೊತೆಯಲ್ಲಿರುವವರ ವಯಸ್ಸೆಷ್ಟು. ವೇಷದ ವಿಚಾರದಲ್ಲಿ ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ತಾನಾಗಿಯೇ ಅಳಿಸಿಹೋಗುತ್ತದೋ, ಇಲ್ಲವೋ?

ಅಳಿಸಿಹೋಗುವುದರ ಲೆಕ್ಕ ಸುಲಭ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ, ಹಾಗಾಗಿ ಬೋಳಿಸಿದ ಪಕ್ಕ ಎರಡು ತಿಂಗಳಲ್ಲಿ ಸಾಮಾನ್ಯ ಕ್ರಾಪಿಗೆ ಬರುತ್ತದೆ. ಹುಬ್ಬಿನ ಗೀರು ತುಂಬಲು ಎರಡರಿಂದ ನಾಲ್ಕು ತಿಂಗಳು ಬೇಕು. ಬ್ಲೇಡ್ ತಾಗಿ ಚರ್ಮದಲ್ಲಿ ಗಾಯದ ಕಲೆ ಉಳಿದರೆ ಮಾತ್ರ ಅಲ್ಲಿ ಕೂದಲು ಬಾರದೇ ಹೋಗಬಹುದು, ಆದ್ದರಿಂದ ಟ್ರಿಮ್ಮರ್‌ನಲ್ಲಿ ಮಾಡಿಸಿಕೋ ಅನ್ನಿ. ಕೂದಲಿಗೆ ಬಣ್ಣ ಹಾಕಿಸುವುದಾದರೆ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಬೇಕು. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಆಗಿಬರುವುದಿಲ್ಲ, ಮುಖ ಊದಿಕೊಳ್ಳುತ್ತದೆ. ಬ್ಲೀಚ್ ಮಾಡುವಾಗ ಪುಡಿಗೆ ಬೆರೆಸುವ ದ್ರವ, ಅಂದರೆ ಡೆವಲಪರ್, 40 ವಾಲ್ಯೂಮಿನದು ಬೇಡ. ಅದರಲ್ಲಿ 12% ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ, ನೆತ್ತಿ ಸುಡುತ್ತದೆ.

ಈ ವೇಷ ಯಾಕೆ ಬೇಕು ಅವರಿಗೆ? ಪಾವಗಡ, ಮಧುಗಿರಿ, ಕುಣಿಗಲ್ ಕಡೆಯಿಂದ ಹದಿನಾರನೇ ವಯಸ್ಸಿಗೆ ಹಾಸ್ಟೆಲ್ಲಿಗೋ ರೂಮಿಗೋ ಬಂದ ಹುಡುಗನನ್ನು ಒಮ್ಮೆ ಯೋಚಿಸಿ. ಬಸ್ ಸ್ಟ್ಯಾಂಡಿನಲ್ಲಿ ಯಾರೋ 'ಏನೋ ಗುರಾಯಿಸ್ತಿದೀಯಾ' ಅಂದರೆ ಜಗಳ ಶುರು. ಈ ಊರಿನ ಹುಡುಗರ ಹೊಡೆದಾಟಗಳಲ್ಲಿ ಎಷ್ಟೋ ಈ ಒಂದು ಮಾತಿನಿಂದಲೇ ಹುಟ್ಟಿದವು. ಕಣ್ಣು ತಗ್ಗಿಸಿದವನನ್ನು ಮರುದಿನವೂ ತಡೆಯುತ್ತಾರೆ. ನೋಡಿದರೆ ಎದುರಿನವನು ಎರಡು ಸಲ ಯೋಚಿಸುವಂತಿರಬೇಕು, ಅಷ್ಟೇ ಈ ವೇಷದ ಕೆಲಸ. ಮೇಲಾಗಿ ಎಲ್ಲರೂ ಹಾಗೇ ಇದ್ದಾರೆ, ರೀಲ್ಸ್‌ನಲ್ಲಿ ಅದೇ ಓಡುತ್ತದೆ. ಇದು ಹೊಸದೂ ಅಲ್ಲ, ನಮ್ಮದೇ ಆವಿಷ್ಕಾರವೂ ಅಲ್ಲ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಉದ್ದ ಕೋಟು ತೊಟ್ಟ ಟೆಡ್ಡಿ ಬಾಯ್‌ಗಳನ್ನು ಕಂಡು ಜನ ಬೆಚ್ಚಿದ್ದರು. 1964ರಲ್ಲಿ ಇಂಗ್ಲೆಂಡಿನ ಕಡಲ ತೀರದ ಊರುಗಳಲ್ಲಿ ಮಾಡ್ಸ್ ಮತ್ತು ರಾಕರ್ಸ್ ಎಂಬ ಎರಡು ಗುಂಪಿನ ಹುಡುಗರು ಹೊಡೆದಾಡಿದಾಗ ಪತ್ರಿಕೆಗಳು ನಡೆದದ್ದಕ್ಕಿಂತ ಹೆಚ್ಚೇ ಬರೆದವು. ನಮ್ಮಲ್ಲೂ ಬೆಲ್‌ಬಾಟಮ್ಮಿಗೆ, ಉದ್ದ ಕೂದಲಿಗೆ ಇದೇ ಬೈಗುಳ ಬಿದ್ದಿತ್ತು. ಬೈದವರ ಹಿಂದಿನ ಫೋಟೊ ತೆಗೆಸಿ ನೋಡಿ, ಅಂದಿನ ಪುಂಡರ ಕ್ರಾಪು ಅದರಲ್ಲೂ ಇರುತ್ತದೆ.

ಅಳಿಸಿಹೋಗದ್ದು ಹಚ್ಚೆ. ಇಲ್ಲಿ ಬಿಗಿಯಾಗಿ ಬೇಡ ಅನ್ನಿ, ಕಾರಣವನ್ನೂ ಹೇಳಿ. ಈ ಜಿಲ್ಲೆಯಲ್ಲಿ ಅಗ್ನಿವೀರ್ ರ‍್ಯಾಲಿಗೆ ಓಡಿ ತಯಾರಾಗುವ ಹುಡುಗರು ಕಡಿಮೆಯೇನಿಲ್ಲ. ಸೇನೆಯಲ್ಲಿ ಮೊಣಕೈ ಒಳಭಾಗದಿಂದ ಮಣಿಕಟ್ಟಿನವರೆಗೆ, ಮತ್ತೆ ಅಂಗೈ ಹಿಂಬದಿ, ಇಷ್ಟು ಜಾಗದ ಹಚ್ಚೆಗೆ ಮಾತ್ರ ಒಪ್ಪಿಗೆ. ಬುಡಕಟ್ಟು ಸಮುದಾಯಗಳಿಗೆ ವಿನಾಯಿತಿ ಇದೆ. ಸಿಆರ್‌ಪಿಎಫ್, ಬಿಎಸ್ಎಫ್‌ನಂಥ ಪಡೆಗಳಲ್ಲಿ ಇನ್ನೂ ಬಿಗಿ: ಸೆಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಭಾಗದಲ್ಲಿ ಅಥವಾ ಅಂಗೈ ಹಿಂಬದಿಯಲ್ಲಿ ಮಾತ್ರ, ಅದೂ ಆ ಭಾಗದ ಕಾಲಂಶಕ್ಕಿಂತ ಚಿಕ್ಕದಿರಬೇಕು. ಕುತ್ತಿಗೆ ಮೇಲೆ ಚೇಳು ಬರೆಸಿಕೊಂಡವನು ಎಷ್ಟು ವೇಗವಾಗಿ ಓಡಿದರೂ ಮೆಡಿಕಲ್‌ನಲ್ಲಿ ಹೊರಗೆ. ಲೇಸರ್‌ನಲ್ಲಿ ತೆಗೆಸಲು ವಾರಗಟ್ಟಲೆ ಅಂತರದ ಹಲವು ಸಿಟ್ಟಿಂಗ್ ಬೇಕು, ಆದರೂ ನೆರಳು ಉಳಿಯುವುದುಂಟು. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಎಲ್ಲರಿಗೂ ಹಾಕುವವರಿಂದ ಹೆಪಟೈಟಿಸ್ ಬಿ, ಸಿ, ಎಚ್ಐವಿ ಬರುವ ಅಪಾಯವಿದೆ. ಹಚ್ಚೆ ಹಾಕಿಸಿದ ಮೇಲೆ 12 ತಿಂಗಳು ರಕ್ತ ಕೊಡುವಂತಿಲ್ಲ.

ಇನ್ನು ಲಾಂಗ್, ಅಂದರೆ ಉದ್ದ ಮಚ್ಚಿನ ವಿಷಯ. ತೆಂಗಿನ ಸೀಮೆಯಲ್ಲಿ ಮಚ್ಚು ಇಲ್ಲದ ಮನೆ ಇಲ್ಲ. ಹುಡುಗರಿಗೆ ಅದರಲ್ಲಿ ತಪ್ಪೇನಿದೆ ಅನ್ನಿಸುವುದು ಅದಕ್ಕೇ. ಆಯುಧ ಕಾಯ್ದೆಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿರುವುದನ್ನು ಮಾರಕಾಸ್ತ್ರದ ಲೆಕ್ಕಕ್ಕೆ ಸೇರಿಸುತ್ತವೆ. ಮನೆಗೆಲಸಕ್ಕೆ, ಕೃಷಿಗೆ ಮಾಡಿದ್ದಕ್ಕೆ ವಿನಾಯಿತಿ. ತೋಟದಲ್ಲಿ ಎಳನೀರು ಕೊಚ್ಚುವಾಗ ಅದು ಮಚ್ಚು. ರಾತ್ರಿ ಹನ್ನೆರಡಕ್ಕೆ ನಡುರಸ್ತೆಯಲ್ಲಿ ಬೈಕ್ ಸೀಟಿನ ಮೇಲೆ ಕೇಕ್ ಇಟ್ಟು ಅದೇ ಮಚ್ಚಿನಿಂದ ಕತ್ತರಿಸಿ ಸ್ಟೇಟಸ್ ಹಾಕಿದರೆ 'ಕೃಷಿಗೆ ಇಟ್ಟುಕೊಂಡಿದ್ದೆ ಸಾರ್' ಎಂಬ ಮಾತು ಠಾಣೆಯಲ್ಲಿ ನಿಲ್ಲುವುದಿಲ್ಲ. ವಿಡಿಯೊದಲ್ಲಿ ಯಾರಿಗಾದರೂ ಧಮಕಿ ಹಾಕಿದ್ದರೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಕೂಡ ಸೇರುತ್ತದೆ, 2 ವರ್ಷದವರೆಗೆ ಸಜೆ. ಆಟದ ಲಾಂಗ್ ಅಂದುಬಿಟ್ಟರೆ ಮುಗಿಯಿತು ಎಂಬ ಭ್ರಮೆಯೂ ಬೇಡ. 2025ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಲಾಂಗ್ ಹಿಡಿದ ರೀಲ್ಸ್‌ಗಾಗಿ ರಿಯಾಲಿಟಿ ಶೋದ ಇಬ್ಬರು ಸ್ಪರ್ಧಿಗಳ ಬಂಧನವಾಯಿತು. ಫೈಬರ್‌ದು ಎಂದು ಹೇಳಿದರು. ಒಪ್ಪಿಸಿದ್ದೂ ವಿಡಿಯೊದಲ್ಲಿ ಕಂಡದ್ದೂ ಒಂದೇ ಅಲ್ಲವೆಂಬ ಅನುಮಾನದ ಮೇಲೆ ಮತ್ತೆ ಒಳಗೆ ಹೋದರು. ಮಗನ ಅಕೌಂಟಿನಲ್ಲಿ ಅಂಥದ್ದೇನಾದರೂ ಇದ್ದರೆ ಇವತ್ತೇ ತೆಗೆಸಿ. ಟ್ಯಾಗ್ ಆಗಿರುವುದು, ಹೈಲೈಟ್‌ನಲ್ಲಿ ಉಳಿದಿರುವುದು, ಮನೆಯವರಿಗೆ ಕಾಣದ ಎರಡನೇ ಅಕೌಂಟು, ಮೂರನ್ನೂ ಕೇಳಿ. ಇನ್‌ಸ್ಟಾಗ್ರಾಂ ಈಗ 18ರ ಒಳಗಿನವರ ಖಾತೆಯನ್ನು ತಾನಾಗಿಯೇ ಪ್ರೈವೇಟ್ ಮಾಡುತ್ತದೆ. ಹುಟ್ಟಿದ ವರ್ಷ ಸುಳ್ಳು ಕೊಟ್ಟಿದ್ದರೆ ಆ ಬೇಲಿ ಇರುವುದಿಲ್ಲ, ಮೊದಲು ಅದನ್ನು ನೋಡಿ.

ಲುಕ್ಕಿಗಿಂತ ಹೆಚ್ಚು ಪ್ರಾಣ ತೆಗೆಯುವುದು ಬೈಕು. ಗೇರ್ ಇಲ್ಲದ ಗಾಡಿಗೆ 16ಕ್ಕೇ ಲೈಸೆನ್ಸ್ ಸಿಗುತ್ತದೆ ಎಂದು ಬಹಳ ಮನೆಗಳಲ್ಲಿ ನಂಬಿದ್ದಾರೆ. ಅದು 50 ಸಿಸಿ ಒಳಗಿನದಕ್ಕೆ ಮಾತ್ರ. ಡಿಯೋ, ಆಕ್ಟಿವಾ ಎರಡೂ 100 ಸಿಸಿ ದಾಟಿದವು. ಅಪ್ರಾಪ್ತ ಹುಡುಗ ಓಡಿಸಿ ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಪ್ರಕಾರ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು: 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಗೊತ್ತಿಲ್ಲದೆ ತೆಗೆದುಕೊಂಡು ಹೋಗಿದ್ದ ಎಂದು ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಆದ್ದರಿಂದ ಕೀ ಮೊಳೆಗೆ ನೇತುಹಾಕುವ ಅಭ್ಯಾಸ ಬಿಡಿ.

ವೀಲಿಂಗ್ ಮಾಡುತ್ತಿದ್ದಾನೋ ಇಲ್ಲವೋ ಎಂಬುದನ್ನು ಅವನನ್ನು ಕೇಳುವುದಕ್ಕಿಂತ ಗಾಡಿಯನ್ನು ಕೇಳಿ. ಹಿಂದಿನ ಮಡ್‌ಗಾರ್ಡ್‌ನ ತುದಿ ಸವೆದಿರುತ್ತದೆ, ನಂಬರ್ ಪ್ಲೇಟ್ ಮೇಲಕ್ಕೆ ಮಡಚಿಕೊಂಡಿರುತ್ತದೆ ಅಥವಾ ಕೆಳಗಿನ ಅಂಚು ಉಜ್ಜಿಹೋಗಿರುತ್ತದೆ. ಎತ್ತಿದ ಚಕ್ರ ಧಡಾರನೆ ಬಿದ್ದು ಬಿದ್ದು ಕೋನ್ ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗ್) ಹೊಡೆದುಹೋಗಿ, ಹ್ಯಾಂಡಲ್ ತಿರುಗಿಸುವಾಗ ಮಧ್ಯದಲ್ಲಿ ಸಿಕ್ಕಿಕೊಂಡಂತೆ ಆಗುತ್ತದೆ. ಸ್ಕೂಟರ್‌ನಲ್ಲಿ ಎಂಜಿನ್ ಭಾರ ಹಿಂದಿರುವುದರಿಂದ ಮುಂದಿನ ಚಕ್ರ ಸುಲಭವಾಗಿ ಏಳುತ್ತದೆ. ಎದ್ದ ಮೇಲೆ ಹ್ಯಾಂಡಲ್ಲಿಗೂ ಮುಂದಿನ ಬ್ರೇಕಿಗೂ ಕೆಲಸವಿಲ್ಲ, ಹಿಂದಿನ ಬ್ರೇಕ್ ಒಂದೇ ಗತಿ. ಎದುರು ಯಾರಾದರೂ ಬಂದರೆ ತಪ್ಪಿಸಲು ದಾರಿಯೇ ಇಲ್ಲ. ಜನಕ್ಕೂ ತಾಳ್ಮೆ ಮುಗಿದಿದೆ. 2024ರ ಆಗಸ್ಟ್‌ನಲ್ಲಿ ನೆಲಮಂಗಲದ ಹತ್ತಿರ ತುಮಕೂರು ಹೆದ್ದಾರಿಯಲ್ಲಿ ವೀಲಿಂಗ್ ಹುಡುಗರ ಸ್ಕೂಟರ್‌ಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದರು. ಎಸೆದದ್ದು ಸರಿಯಲ್ಲ. ಕೆಳಗೆ ಯಾರಾದರೂ ಇದ್ದಿದ್ದರೆ?

ಸೈಲೆನ್ಸರ್ ಬದಲಿಸಿದ್ದರೆ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋಗಿ ಹಳೆಯದನ್ನೇ ಹಾಕಿಸಿ. ಬಿಎಸ್6 (ಈಗಿನ ಹೊಗೆ ನಿಯಮದ) ಗಾಡಿಗಳಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಆ ಪೈಪಿನಲ್ಲೇ ಇರುತ್ತವೆ. ಕಿತ್ತರೆ ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಹತ್ತುತ್ತದೆ, ಪೆಟ್ರೋಲ್ ಲೆಕ್ಕ ತಪ್ಪಿ ಮೈಲೇಜ್ ಬೀಳುತ್ತದೆ. ಗಾಡಿ ಮಾರ್ಪಾಡಿಗೆ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ. ಶಬ್ದದ ಮಿತಿ ಮೀರಿದ್ದಕ್ಕೆ 10,000ದವರೆಗೆ ಬೇರೆ.

ನಿಜವಾಗಿ ನಿದ್ದೆಗೆಡಬೇಕಾದ್ದು 'ಅಣ್ಣ'ಂದಿರು ಬಂದಾಗ. ಇಪ್ಪತ್ತೈದು, ಮೂವತ್ತರ ಗಂಡಸಿಗೆ ಹದಿನಾರರ ಹುಡುಗನ ಸ್ನೇಹ ಯಾಕೆ ಬೇಕು? ಮೊದಲು ಬಿರಿಯಾನಿ ಕೊಡಿಸುತ್ತಾರೆ, ಪೆಟ್ರೋಲ್ ಹಾಕಿಸುತ್ತಾರೆ, ಬರ್ತ್‌ಡೇಗೆ ಫ್ಲೆಕ್ಸಿನ ಮೂಲೆಯಲ್ಲಿ ಫೋಟೊ ಹಾಕಿಸುತ್ತಾರೆ. ಆಮೇಲೆ ಬೈಕ್ ರ‍್ಯಾಲಿಗೆ ತಲೆ ಲೆಕ್ಕಕ್ಕೆ ಬಾ ಅನ್ನುತ್ತಾರೆ. ಆಮೇಲೆ ಯಾರನ್ನೋ 'ಸುಮ್ನೆ ಹೆದರಿಸೋಕೆ' ಹತ್ತು ಜನ ಹೋಗಿ ನಿಲ್ಲಬೇಕು. ಆಮೇಲೆ ಒಂದು ಪ್ಯಾಕೆಟ್ ಕೊಟ್ಟು ಬರಬೇಕು. ಈಗ ಇನ್ನೊಂದು ಸೇರಿಕೊಂಡಿದೆ: ನಿನ್ನ ಹೆಸರಲ್ಲಿ ಬ್ಯಾಂಕ್ ಅಕೌಂಟ್ ತೆಗೆದು ಎಟಿಎಂ ಕಾರ್ಡ್, ಸಿಮ್ ಕೊಡು, ತಿಂಗಳಿಗೆ ಇಷ್ಟು ದುಡ್ಡು. ಸೈಬರ್ ವಂಚನೆಯ ಹಣ ಆ ಖಾತೆಯಲ್ಲಿ ಓಡಾಡುತ್ತದೆ, ಪೊಲೀಸರು ಬರುವುದು ಖಾತೆದಾರನ ಮನೆಗೆ. ಇಂಥದ್ದು ಗೊತ್ತಾದ ತಕ್ಷಣ ಬ್ಯಾಂಕಿಗೆ ಹೋಗಿ ಖಾತೆ ಬ್ಲಾಕ್ ಮಾಡಿಸಿ ಲಿಖಿತವಾಗಿ ತಿಳಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

'ನಿನಗಿನ್ನೂ ಹದಿನೆಂಟಾಗಿಲ್ಲ, ಏನೂ ಆಗಲ್ಲ' ಎಂಬುದು ಅಣ್ಣಂದಿರು ಹೇಳಿಕೊಡುವ ಪಾಠ. ಅರ್ಧ ಸುಳ್ಳು. ಕನಿಷ್ಠ ಶಿಕ್ಷೆಯೇ 7 ವರ್ಷ ಇರುವ ಘೋರ ಅಪರಾಧದಲ್ಲಿ 16 ತುಂಬಿದವನನ್ನು ವಯಸ್ಕನಂತೆ ವಿಚಾರಣೆಗೆ ಕಳಿಸಲು ಬಾಲ ನ್ಯಾಯ ಕಾಯ್ದೆ 2015ರ ಪ್ರಕಾರ ಅವಕಾಶವಿದೆ. ಮಕ್ಕಳನ್ನು ಅಪರಾಧಕ್ಕೆ ಬಳಸುವ ದೊಡ್ಡವರಿಗೆ ನ್ಯಾಯ ಸಂಹಿತೆಯ 95ನೇ ಕಲಂನಲ್ಲಿ 3ರಿಂದ 10 ವರ್ಷ ಶಿಕ್ಷೆ ಇದೆ. ಹಾಗಾಗಿ ಅಣ್ಣನ ಹೆಸರು, ಗಾಡಿ ನಂಬರ್, ಕರೆ ಬಂದ ದಿನಾಂಕ ಬರೆದಿಟ್ಟುಕೊಳ್ಳಿ. ನೀವೇ ಹೋಗಿ ಅಡ್ಡಾದಲ್ಲಿ ಜಗಳ ತೆಗೆಯಬೇಡಿ, ಅದರ ಬಡ್ಡಿ ಮಗನ ಮೇಲೆ ತೀರುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಇಲ್ಲವೇ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಕಾಣಿ. ಪ್ರತಿ ಠಾಣೆಯಲ್ಲೂ ಒಬ್ಬರು ಇರಲೇಬೇಕು.

ಮಾತು ಹೇಗೆ ತೆಗೆಯುವುದು? ಬಾಗಿಲಲ್ಲಿ ನಿಲ್ಲಿಸಿಕೊಂಡು ಬೇಡ, ನೆಂಟರ ಮುಂದೆ ಖಂಡಿತ ಬೇಡ. ಊಟಕ್ಕೆ ಕೂತಾಗಲೋ, ಇಬ್ಬರೇ ಗಾಡಿಯಲ್ಲಿ ಹೋಗುವಾಗಲೋ ಸರಿ. ಒಂದು ಸಲಕ್ಕೆ ಒಂದೇ ವಿಷಯ. ಕೂದಲು, ಮಾರ್ಕ್ಸು, ಗೆಳೆಯರು, ಮೊಬೈಲು ಎಲ್ಲ ಒಟ್ಟಿಗೆ ಸುರಿದರೆ ಅವನು ಕೂದಲಿಗೆ ಮಾತ್ರ ಉತ್ತರ ಕೊಟ್ಟು ಎದ್ದು ಹೋಗುತ್ತಾನೆ. ಕೂದಲು ನಿನ್ನದು, ನಾನು ಮಾತಾಡಲ್ಲ; ಬೈಕು, ಮಚ್ಚು, ರಾತ್ರಿ ಒಂಬತ್ತರ ಮೇಲೆ ಹೊರಗೆ, ಇವು ಮೂರು ನಡೆಯಲ್ಲ ಎಂದು ಬಿಡಿಸಿ ಹೇಳಿ. ಬಲವಂತವಾಗಿ ತಲೆ ಬೋಳಿಸಿದ ಮನೆಗಳಲ್ಲೂ ಕಾಲೇಜುಗಳಲ್ಲೂ ಆಗುವುದೇನು? ಅವಮಾನಕ್ಕೆ ಲೆಕ್ಕ ಚುಕ್ತಾ ಮಾಡಲು ಅವನು ಇನ್ನೂ ಗಟ್ಟಿ ಗುಂಪು ಹುಡುಕುತ್ತಾನೆ. ಅವನನ್ನು ಯಾರಾದರೂ ಹೆದರಿಸುತ್ತಿದ್ದಾರಾ ಎಂಬುದನ್ನೂ ಕೇಳಿ. ಬಹಳ ಮನೆಗಳಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ. ನಿದ್ದೆ ಕೆಟ್ಟಿದೆ, ಮಾತೇ ನಿಂತಿದೆ ಅನ್ನಿಸಿದರೆ 14416ರಲ್ಲಿ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ.

ಕಡೆಗೆ, ರಾತ್ರಿ ಠಾಣೆಯಿಂದ ಫೋನ್ ಬಂದರೆ. 18ರ ಒಳಗಿನವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೈಕೋಳ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಸಣ್ಣ ಪ್ರಕರಣಗಳಲ್ಲಿ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲವಾದರೆ, ಎಫ್ಐಆರ್ ಬದಲು ಠಾಣಾ ದಿನಚರಿಯಲ್ಲಿ ಬರೆದುಕೊಂಡು ಹುಡುಗನ ಮನೆಯ ಹಿನ್ನೆಲೆಯ ವರದಿ ಮಾಡಬೇಕೆಂಬುದು ನಿಯಮ. ರೌಡಿ ಶೀಟ್ ಎಂದು ಹೆದರಿಸಿ ದುಡ್ಡು ಕೇಳುವ ಮಧ್ಯವರ್ತಿಗೆ ಬಗ್ಗಬೇಡಿ, ಕ್ರಾಪು ನೋಡಿ ಯಾರ ಮೇಲೂ ರೌಡಿ ಶೀಟ್ ತೆರೆಯುವುದಿಲ್ಲ. ಉಚಿತ ವಕೀಲರು ಬೇಕಿದ್ದರೆ 15100ಕ್ಕೆ ಫೋನ್ ಮಾಡಿ, ಅಥವಾ ಬೆಳಿಗ್ಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೊರಡುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಪ್ಪದೆ ಕೈಯಲ್ಲಿರಲಿ. ವಯಸ್ಸು ತೀರ್ಮಾನಿಸಲು ಕಾಯ್ದೆ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಅಂಕಪಟ್ಟಿ, ಅದು ಇಲ್ಲದಿದ್ದರೆ ನಗರಸಭೆ, ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಆಧಾರ್ ಕಾರ್ಡ್ ಒಂದನ್ನೇ ಹಿಡಿದು ಹೋದರೆ ಸಾಲದು.